ಹಾಡಿಯ ಸಾವು ಯಾವ ರಾಜ್ಯದ ಲೆಕ್ಕಕ್ಕೆ?

ಗಡಿಯಾಚೆಯ ಕನ್ನಡ ಅಂದಕೂಡಲೇ ನಾವು ಶಾಲೆ, ಬೋರ್ಡು, ಬಸ್ಸು, ನೌಕರಿ ಪರೀಕ್ಷೆ ಇವುಗಳ ಬಗ್ಗೆಯೇ ಬರೆಯುತ್ತೇವೆ. ಈ ಸಲ ಸಾವಿನ ಲೆಕ್ಕದ ಬಗ್ಗೆ ಬರೆಯುತ್ತಿದ್ದೇವೆ. ಒಣ ವಿಷಯ ಅಂತ ದಾಟಿ ಹೋಗಬೇಡಿ ಗೆಳೆಯರೇ, ಇದು ನಮ್ಮ ಪಕ್ಕದ ಹಾಡಿಯ ವಿಷಯ.

ತಾಳವಾಡಿ ಬೆಟ್ಟದ ಸೋಲಿಗರು, ಗೂಡಲೂರು ಮತ್ತು ವಯನಾಡಿನ ಬೆಟ್ಟಕುರುಬರು, ಜೇನುಕುರುಬರು, ಪಣಿಯರು, ಕಾಸರಗೋಡಿನ ಕೊರಗರು. ಇವರಲ್ಲಿ ವರ್ಷಕ್ಕೆ ಎಷ್ಟು ಜನ ತೀರಿಕೊಳ್ತಾರೆ? ಯಾವ ವಯಸ್ಸಿಗೆ? ಯಾವ ಕಾಯಿಲೆಯಿಂದ? ಸರ್ಕಾರದ ಮರಣ ನೋಂದಣಿ ಪುಸ್ತಕ ತೆರೆದು ಈ ಉತ್ತರ ತೆಗೆಯೋಕೆ ಆಗಲ್ಲ. ಯಾಕೆ ಅಂದರೆ, ಪುಸ್ತಕ ಆ ಪ್ರಶ್ನೆಯನ್ನೇ ಕೇಳಲ್ಲ. ಸಾವಿನ ವರದಿ ಕೊಡುವ ಮಾದರಿ ಫಾರ್ಮ್ 2 ನೋಡಿ. ಸತ್ತವರ ಧರ್ಮ ಕೇಳುತ್ತದೆ, ಉದ್ಯೋಗ ಕೇಳುತ್ತದೆ. ಬೀಡಿ ಸೇದುತ್ತಿದ್ದರಾ, ಹೊಗೆಸೊಪ್ಪು ಹಾಕುತ್ತಿದ್ದರಾ, ಅಡಿಕೆ ಅಗಿಯುತ್ತಿದ್ದರಾ, ಕುಡಿಯುತ್ತಿದ್ದರಾ, ಎಷ್ಟು ವರ್ಷದಿಂದ ಅಂತಲೂ ಕೇಳುತ್ತದೆ. ಬುಡಕಟ್ಟು ಯಾವುದು ಅಂತ ಕೇಳಲ್ಲ. ಒಬ್ಬ ಕೊರಗ ಅಜ್ಜ ಅಡಿಕೆ ಅಗಿದದ್ದು ದಾಖಲೆಗೆ ಬರುತ್ತದೆ, ಆತ ಕೊರಗ ಅನ್ನೋದು ಬರಲ್ಲ.

ಹಾಗಾಗಿ ಆದಿವಾಸಿಗಳ ಸಾವಿನ ಬಗ್ಗೆ ನಮಗೆ ಸಿಗುವುದೆಲ್ಲ ಸ್ಯಾಂಪಲ್ ಸಮೀಕ್ಷೆಗಳ ಅಂಕಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಪರಿಶಿಷ್ಟ ಪಂಗಡಗಳಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 50.3 ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತವೆ. ದೇಶದ ಒಟ್ಟು ಸರಾಸರಿ 41.9. ವ್ಯತ್ಯಾಸ ದೊಡ್ಡದೇ. ಆದರೆ ಇದರಲ್ಲಿ ಮಿಜೋರಾಮಿನವರೂ ಇದ್ದಾರೆ, ಗೊಂಡರೂ ಇದ್ದಾರೆ, ರಾಜಸ್ಥಾನದ ಮೀಣರೂ ಇದ್ದಾರೆ. ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬಿ ತೂಗಿದ ಅಂಕಿ ಇದು. ನಮ್ಮ ಸೋಲಿಗರ, ಕೊರಗರ ತೂಕ ಇದರಲ್ಲಿ ತಿಳಿಯಲ್ಲ. ಇನ್ನು ಕೇರಳದ ಕಥೆಯೇ ಬೇರೆ. 2020ರಲ್ಲಿ ಅಲ್ಲಿನ ಶಿಶುಮರಣ ದರ ಸಾವಿರಕ್ಕೆ 6. ದೇಶಕ್ಕೇ ಮಾದರಿ, ಒಪ್ಪೋಣ. ಅದೇ ಕೇರಳದ ಅಟ್ಟಪ್ಪಾಡಿಯಲ್ಲಿ 2013ರಲ್ಲಿ ಆದಿವಾಸಿ ಕೂಸುಗಳು ಒಂದರ ಹಿಂದೆ ಒಂದು ಸತ್ತಾಗ ಇಡೀ ರಾಜ್ಯ ಬೆಚ್ಚಿತ್ತು. ಒಳ್ಳೆಯ ಸರಾಸರಿಯ ಅಡಿಯಲ್ಲಿ ಇಂಥವು ಸುಲಭವಾಗಿ ಅಡಗಿ ಕೂರುತ್ತವೆ.

ಚಿಕ್ಕ ಸಮುದಾಯಕ್ಕೆ ಲೆಕ್ಕ ತಪ್ಪುವುದು ಎಷ್ಟು ದುಬಾರಿ ಅಂತ ಕೂಡಿ ಕಳೆದು ನೋಡೋಣ. 1500 ಜನರ ಒಂದು ಸಮುದಾಯ ಅಂತಿಟ್ಟುಕೊಳ್ಳಿ. ಕಾಸರಗೋಡಿನ ಕೊರಗರು ಹೆಚ್ಚುಕಡಿಮೆ ಅಷ್ಟೇ ಇರೋದು. ವರ್ಷಕ್ಕೆ 12 ಸಾವಾದರೆ ಮರಣ ದರ ಸಾವಿರಕ್ಕೆ 8. ಅದರಲ್ಲಿ ಮೂರು ಸಾವು ಬರೆಸದೆ ಹೋದರೆ ದರ 6ಕ್ಕೆ ಇಳಿಯಿತು. ಕಾಗದದ ಮೇಲೆ ಆ ಸಮುದಾಯ ದಿಢೀರ್ ಆರೋಗ್ಯವಂತ! ಹತ್ತು ಲಕ್ಷ ಜನರ ಜಿಲ್ಲೆಯಲ್ಲಿ ಮೂರು ಸಾವು ಬಿಟ್ಟರೆ ಯಾರಿಗೂ ಗೊತ್ತಾಗಲ್ಲ, ಕೊಪ್ಪದಲ್ಲಿ ಬಿಟ್ಟರೆ ಸತ್ಯವೇ ತಲೆಕೆಳಗಾಗುತ್ತದೆ. ಕರ್ನಾಟಕದ ಕಡೆ ಇರುವ ಕೊರಗರು 2001ರ ಜನಗಣತಿಯಲ್ಲಿ 16 ಸಾವಿರ ಚಿಲ್ಲರೆ ಇದ್ದರು, 2011ರಲ್ಲಿ 14,794ಕ್ಕೆ ಇಳಿದರು. ಎಲ್ಲರೂ ಬೆಳೆಯುತ್ತಿರುವಾಗ ಒಂದು ಸಮುದಾಯ ಕರಗುತ್ತಿದೆ ಅಂದರೆ, ಅದು ಹೆಚ್ಚು ಸಾವಿನಿಂದಲಾ, ಕಡಿಮೆ ಹುಟ್ಟಿನಿಂದಲಾ, ಎಣಿಕೆಯ ದೋಷದಿಂದಲಾ ಅಂತ ಹೇಳೋಕೆ ಹುಟ್ಟು ಸಾವಿನ ಸರಿಯಾದ ಪುಸ್ತಕ ಬೇಕಲ್ಲವೇ?

ಈಗ ಗಡಿಗೆ ಬರೋಣ. ನಮ್ಮ ಕಾನೂನಿನಲ್ಲಿ ಸಾವು ನೋಂದಣಿ ಆಗುವುದು ಮನೆ ಇರುವ ಊರಲ್ಲಿ ಅಲ್ಲ, ಸಾವು ಸಂಭವಿಸಿದ ಜಾಗದಲ್ಲಿ. ತಾಳವಾಡಿಯವರಿಗೆ ಕಾಯಿಲೆ ಜಾಸ್ತಿಯಾದರೆ ಹತ್ತಿರ ಯಾವುದು? ದಿಂಬಂ ಘಾಟಿಯ 27 ತಿರುವು ಇಳಿದು ಈರೋಡಿನ ಕಡೆ ಹೋಗುವುದಾ, ಸಮತಟ್ಟು ರಸ್ತೆಯಲ್ಲಿ ಚಾಮರಾಜನಗರಕ್ಕೆ ಹೋಗುವುದಾ? ನಿಮಗೇ ಗೊತ್ತು. ಸೋಲಿಗ ಪೋಡಿನ ಬಾಣಂತಿ ಚಾಮರಾಜನಗರದಲ್ಲೋ ಮೈಸೂರಲ್ಲೋ ತೀರಿಕೊಂಡರೆ ಆ ಸಾವು ಕರ್ನಾಟಕದ ಪುಸ್ತಕದಲ್ಲಿ. ಆಕೆಯ ಊರಿನ ವಿ.ಎ.ಓ. ಬಳಿ ಅವಳಿನ್ನೂ ಬದುಕಿದ್ದಾಳೆ. ಫಾರ್ಮಿನಲ್ಲಿ ವಾಸದ ಊರು ಬರೆಯುವ ಜಾಗ ಇದೆ, ನಿಜ. ಅಲ್ಲಿ ತಮಿಳುನಾಡಿನ ಹಳ್ಳಿಯ ಹೆಸರು ಸರಿಯಾಗಿ ಬಿದ್ದರೆ, ಅದನ್ನು ಯಾರಾದರೂ ಆಚೆ ರಾಜ್ಯಕ್ಕೆ ಮುಟ್ಟಿಸಿದರೆ ಲೆಕ್ಕ ಸರಿಹೋದೀತು. ಎರಡು ‘ರೆ’ಗಳ ಮೇಲೆ ನಿಂತ ವ್ಯವಸ್ಥೆ.

ವಯನಾಡಿನಿಂದ ಕೊಡಗಿನ ಕಾಫಿ ತೋಟಕ್ಕೆ, ಶುಂಠಿ ಹೊಲಕ್ಕೆ ಕೂಲಿಗೆ ಬರುವ ಆದಿವಾಸಿಗಳ ಪಾಡು ಇನ್ನೂ ಕಷ್ಟ. ಅಲ್ಲಿ ಹೋದವರು ಹೇಗೆ ಸತ್ತರು ಅಂತ ಗೊತ್ತಾಗಲೇ ಇಲ್ಲ ಎಂಬ ದೂರು ವಯನಾಡಿನಲ್ಲಿ ಹಲವು ಬಾರಿ ಎದ್ದಿದೆ. ಇಲ್ಲಿ ಒಂದು ವಿಷಯ ನಮ್ಮ ಹುಡುಗರಿಗೆ ಗೊತ್ತಿರಬೇಕು. 1969ರ ಜನನ ಮರಣ ನೋಂದಣಿ ಕಾಯ್ದೆಯ 9ನೇ ಕಲಂ ಪ್ರಕಾರ, ಪ್ಲಾಂಟೇಶನ್ ಒಳಗೆ ಆದ ಹುಟ್ಟು ಸಾವಿನ ಮಾಹಿತಿ ಕೊಡಬೇಕಾದ್ದು ತೋಟದ ಸೂಪರಿಂಟೆಂಡೆಂಟ್, ಕೂಲಿಯ ಮನೆಯವರಲ್ಲ. ನಾಲ್ಕು ಹೆಕ್ಟೇರಿಗೆ ಕಡಿಮೆ ಇಲ್ಲದ ಚಹಾ, ಕಾಫಿ, ಮೆಣಸು, ರಬ್ಬರು, ಏಲಕ್ಕಿ, ಸಿಂಕೋನಾ ತೋಟಗಳಿಗೆ ಇದು ಅನ್ವಯ. ಪಟ್ಟಿಯಲ್ಲಿ ಶುಂಠಿ ಇಲ್ಲ. ಆದರೆ ಬೇರೆ ಬೆಳೆ ಸೇರಿಸುವ ಅಧಿಕಾರವನ್ನು ಕಾಯ್ದೆ ರಾಜ್ಯ ಸರ್ಕಾರಕ್ಕೇ ಕೊಟ್ಟಿದೆ. ಕರ್ನಾಟಕ ಒಂದು ಅಧಿಸೂಚನೆ ಹೊರಡಿಸಿ ಶುಂಠಿ ಸೇರಿಸಬಹುದು, ಖರ್ಚು ಒಂದು ಹಾಳೆ ಕಾಗದ.

ಇನ್ನು ಹೆಸರಿನ ಗೊಂದಲ. ಕರ್ನಾಟಕದ ಪಟ್ಟಿಯಲ್ಲಿ ಜೇನುಕುರುಬ, ಗಡಿ ದಾಟಿದರೆ ಕಾಟ್ಟುನಾಯಕನ್. ಇಲ್ಲಿ ಸೋಲಿಗ, ಅಲ್ಲಿ ಶೋಳಗ. ಕಾಸರಗೋಡಿನ ಮರಾಟಿಗಳನ್ನು 2002ರ ತಿದ್ದುಪಡಿಯಲ್ಲಿ ಪಂಗಡದ ಪಟ್ಟಿಯಿಂದ ಬಿಟ್ಟು, 2013ರಲ್ಲಿ ಮತ್ತೆ ಸೇರಿಸಿದರು. ನಡುವೆ 2011ರ ಜನಗಣತಿ ನಡೆದುಹೋಯಿತು. ಭಾಗಿಸುವ ಸಂಖ್ಯೆಯೇ ಹೀಗೆ ಒಳಗೆ ಹೊರಗೆ ಆಡುತ್ತಿದ್ದರೆ ಮರಣ ದರ ಅಂತ ಏನು ಬರೆದರೂ ಅದು ಅಂದಾಜೇ.

ಪಂಗಡದ ಹೆಸರು ಬಿಡಿ, ಮನುಷ್ಯರ ಹೆಸರೂ ಉಳಿಯಲ್ಲ. ತಮಿಳು ಲಿಪಿಯಲ್ಲಿ ದ–ತ, ಬ–ಪ, ಗ–ಕ ಬೇರೆ ಬೇರೆ ಅಕ್ಷರ ಇಲ್ಲ. ನಮ್ಮ ಮಾದಿ ರೇಷನ್ ಕಾರ್ಡಿನಲ್ಲಿ ಮಾತಿ, ಬೊಮ್ಮ ಹೋಗಿ ಪೊಮ್ಮನ್. ಮೈಸೂರಿನ ಆಸ್ಪತ್ರೆಯವರು ಕೇಳಿಸಿದಂತೆ ಮಾದಿ ಅಂತಲೇ ಬರೆದರೆ ಕಂಪ್ಯೂಟರಿಗೆ ಇವರಿಬ್ಬರೂ ಬೇರೆ ಬೇರೆ ಹೆಂಗಸರು. ಒಬ್ಬಳು ಸತ್ತಳು, ಇನ್ನೊಬ್ಬಳು ಇದ್ದಾಳೆ. ಮಗ ಅರಣ್ಯ ಹಕ್ಕು ಪತ್ರವನ್ನು ತನ್ನ ಹೆಸರಿಗೆ ಮಾಡಿಸೋಕೆ ಹೋದಾಗ ಇದು ಬಯಲಾಗುತ್ತದೆ, ಅಷ್ಟು ಹೊತ್ತಿಗೆ ವರ್ಷಗಳು ಕಳೆದಿರುತ್ತವೆ.

ಸಾವಿನ ಕಾರಣದ ವಿಷಯಕ್ಕೆ ಬಂದರೆ ಭಾಷೆಯೇ ಮುಖ್ಯ. ಇಡೀ ದೇಶದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ನೂರಕ್ಕೆ 22.5 ಮಾತ್ರ. ಮನೆಯಲ್ಲಿ, ಕಾಡಂಚಿನಲ್ಲಿ ಆದ ಸಾವಿಗೆ ಡಾಕ್ಟರ್ ಎಲ್ಲಿಂದ ಬರ್ತಾರೆ? ಅಂಥ ಕಡೆ ಕಾರಣ ತಿಳಿಯಲು ವರ್ಬಲ್ ಅಟಾಪ್ಸಿ ಅಂತ ಒಂದು ವಿಧಾನ ಇದೆ. ತರಬೇತಿ ಪಡೆದವರು ಮನೆಗೆ ಹೋಗಿ, ಜ್ವರ ಎಷ್ಟು ದಿನ ಇತ್ತು, ಉಸಿರಾಟ ಹೇಗಿತ್ತು, ಮೈ ಊದಿತ್ತಾ ಅಂತ ಮನೆಯವರನ್ನು ಕೇಳಿ ಬರೆದುಕೊಳ್ತಾರೆ. ಅದನ್ನು ಓದಿ ವೈದ್ಯರು ಕಾರಣ ನಿರ್ಧರಿಸ್ತಾರೆ. ಒಳ್ಳೆಯ ವಿಧಾನವೇ. ಆದರೆ ಎಲ್ಲವೂ ನಿಂತಿರುವುದು ಕೇಳಿದವರಿಗೆ ಮಾತು ಅರ್ಥವಾಯಿತಾ ಅನ್ನೋದರ ಮೇಲೆ. ಬಾಣಂತಿಗೆ ನಂಜಾಗಿತ್ತು ಅಂದರೆ ನಮಗೆ ಗೊತ್ತು, ಹೆರಿಗೆಯ ನಂತರದ ಸೋಂಕು. ತಮಿಳಿನಲ್ಲಿ, ಮಲಯಾಳದಲ್ಲಿ ನಂಜು ಅಂದರೆ ವಿಷ. ತಡೆಯಬಹುದಾಗಿದ್ದ ಒಂದು ತಾಯಿ ಸಾವು ವಿಷ ಕುಡಿದ ಕೇಸಾಗಿ ಬರೆದುಹೋಗೋಕೆ ಒಂದೇ ಪದ ಸಾಕು. ದಮ್ಮು ಇತ್ತು ಅಂದರೆ ನಮ್ಮಲ್ಲಿ ಏದುಸಿರಿನ ಕಾಯಿಲೆ, ತಮಿಳಿನಲ್ಲಿ ದಮ್ ಹೊಡೆಯೋದು ಅಂದರೆ ಸಿಗರೇಟು ಸೇದೋದು. ಸೋಲಿಗರ, ಜೇನುಕುರುಬರ ನುಡಿ ಕನ್ನಡಕ್ಕೆ ತೀರಾ ಹತ್ತಿರ. ಕೇಳುವವರು ಚೆನ್ನೈಯಲ್ಲೋ ತಿರುವನಂತಪುರದಲ್ಲೋ ತಯಾರಾದ ಪ್ರಶ್ನೆಪಟ್ಟಿ ಹಿಡಿದು ಬಂದಿರ್ತಾರೆ.

ಇದರಿಂದ ಏನು ನಷ್ಟ ಅಂತ ಕೇಳುವವರಿಗೆ ಕುಡಗೋಲು ಕಣ ರಕ್ತಹೀನತೆ, ಅಂದರೆ ಸಿಕಲ್ ಸೆಲ್, ಒಂದೇ ಉದಾಹರಣೆ ಸಾಕು. ವಯನಾಡು, ನೀಲಗಿರಿ, ಚಾಮರಾಜನಗರದ ಆದಿವಾಸಿಗಳಲ್ಲಿ ಈ ಕಾಯಿಲೆ ಇದೆ. 2023ರ ಜುಲೈ 1ರಂದು ಕೇಂದ್ರ ಸರ್ಕಾರ ಇದರ ನಿರ್ಮೂಲನೆಗೆ ಮಿಷನ್ ಶುರು ಮಾಡಿ 2047ರ ಗುರಿ ಇಟ್ಟುಕೊಂಡಿದೆ. ಕಣ್ಣು ಹಳದಿಯಾಗಿ, ಕೈಕಾಲು ನೋವೆದ್ದು, ಜ್ವರ ಬಂದು ಸತ್ತ ಹುಡುಗನ ದಾಖಲೆಯಲ್ಲಿ ‘ಕಾಮಾಲೆ’ ಅಥವಾ ‘ಜ್ವರ’ ಅಂತಿದ್ದರೆ, ಈ ಮಿಷನ್ ಗೆದ್ದಿತಾ ಸೋತಿತಾ ಅಂತ ಅಳೆಯುವುದು ಯಾವುದರಿಂದ? ಎಷ್ಟು ಜನರಿಗೆ ರಕ್ತ ಪರೀಕ್ಷೆ ಮಾಡಿದೆವು ಅನ್ನೋ ಲೆಕ್ಕ ಸಿಗುತ್ತದೆ. ಎಷ್ಟು ಜನ ಉಳಿದರು ಅನ್ನೋದು ಸಿಗಲ್ಲ.

ಆಗದ ಕೆಲಸ ಅಂತೂ ಅಲ್ಲ. ನ್ಯೂಜಿಲೆಂಡಿನಲ್ಲಿ ಮಾವೊರಿಗಳ ಸಾವು ದಶಕಗಳ ಕಾಲ ಕಡಿಮೆ ಎಣಿಕೆಯಾಗುತ್ತಿತ್ತು, ಮರಣ ದಾಖಲೆಯಲ್ಲಿ ಜನಾಂಗ ಬರೆಯುವ ಪದ್ಧತಿಯೇ ಸರಿ ಇರಲಿಲ್ಲ. 1995ರಲ್ಲಿ ಪ್ರಶ್ನೆಯನ್ನು ಬದಲಿಸಿದರು. ಜನಗಣತಿಯ ದಾಖಲೆಗೆ ಮರಣ ದಾಖಲೆಯನ್ನು ಜೋಡಿಸಿ ಹಳೆಯ ಅಂಕಿಗಳನ್ನೂ ತಿದ್ದಿದರು. ದೂರ ಯಾಕೆ, ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ಅವರ ಸಂಸ್ಥೆ ಹಳ್ಳಿಯವರನ್ನೇ ತಯಾರು ಮಾಡಿ ಹುಟ್ಟು ಸಾವು ಎಣಿಸಿತು. ಗೂಡಲೂರಿನ ಅಶ್ವಿನಿ ಸಂಸ್ಥೆ ಆದಿವಾಸಿ ಹುಡುಗಿಯರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಬೆಳೆಸಿತು. ಮನೆಮಾತು ಬಲ್ಲವರು ಕೇಳಿದರೆ ಮನೆಯವರು ಹೇಳ್ತಾರೆ, ಅಷ್ಟೇ.

ಇಲ್ಲೊಂದು ಎಚ್ಚರಿಕೆ. ಆದಿವಾಸಿಗಳನ್ನು ಕನ್ನಡಿಗರ ತಲೆ ಎಣಿಕೆಗೆ ಸೇರಿಸಿಕೊಳ್ಳೋಕೆ ನಾವು ಇದನ್ನು ಬರೆಯುತ್ತಿಲ್ಲ. ಅವರ ನುಡಿ ಅವರದು, ಅವರ ಸಾವಿನ ಮಾಹಿತಿಯೂ ಅವರದೇ. ಸತ್ತವರ ಹೆಸರಿನ ಪಟ್ಟಿಯನ್ನು ವಾಟ್ಸಾಪಿಗೆ ಹಾಕುವ ಉತ್ಸಾಹ ದಯವಿಟ್ಟು ಬೇಡ. ಲೆಕ್ಕ ಮೊದಲು ಹಾಡಿಯ ಹಿರಿಯರಿಗೆ, ಊರಸಭೆಗೆ ತಿಳಿಯಬೇಕು, ಆಮೇಲೆ ಉಳಿದವರಿಗೆ. ನಮ್ಮ ಪಾತ್ರ ದುಭಾಷಿಯದು. ಎರಡು ಮೂರು ಭಾಷೆ, ಎರಡು ಲಿಪಿ ಬಲ್ಲ ಹುಡುಗ ಹುಡುಗಿಯರು ಈ ಗಡಿ ತಾಲೂಕುಗಳಲ್ಲಿ ಇರುವಷ್ಟು ಬೇರೆ ಎಲ್ಲೂ ಇಲ್ಲ.

ಸರ್ಕಾರಗಳಿಂದ ನಾವು ಕೇಳುವುದು ಇಷ್ಟು. ಮರಣ ಫಾರ್ಮಿನಲ್ಲಿ ಬುಡಕಟ್ಟಿನ ಕಾಲಂ ಬೇಕು, ಮನೆಯವರು ಹೇಳಿದ ಹೆಸರೇ ಅಲ್ಲಿ ಬೀಳಬೇಕು. ಮೂರು ರಾಜ್ಯಗಳು ಒಂದೇ ಸಮುದಾಯದ ಬೇರೆ ಬೇರೆ ಹೆಸರುಗಳನ್ನು ಜೋಡಿಸಿದ ಪಟ್ಟಿ ಮಾಡಬೇಕು, 2027ರ ಜನಗಣತಿಗೂ ಅದೇ ಪಟ್ಟಿ ಬಳಕೆಯಾಗಬೇಕು. ಆಚೆ ರಾಜ್ಯದ ಆಸ್ಪತ್ರೆಯಲ್ಲಿ ಆದ ಸಾವಿನ ಮಾಹಿತಿ ತಿಂಗಳೊಳಗೆ ವಾಸದ ಪಂಚಾಯಿತಿಗೆ ತಲುಪಬೇಕು. ಗಡಿ ತಾಲೂಕಿನ ಫಾರ್ಮು ಮತ್ತು ಪ್ರಶ್ನೆಪಟ್ಟಿ ಕನ್ನಡದಲ್ಲೂ ಇರಬೇಕು. ಈ ಮನವಿಯನ್ನು ಕನ್ನಡದಲ್ಲೇ ಬರೆದು ಕೊಡಿ, ಸಂವಿಧಾನದ 350ನೇ ವಿಧಿ ಆ ಹಕ್ಕು ಕೊಟ್ಟಿದೆ.

ಅಲ್ಲಿವರೆಗೆ ಕೈಗೆಟಕುವ ಕೆಲಸ: ಪಕ್ಕದ ಹಾಡಿಯಲ್ಲಿ ಸಾವಾದರೆ 21 ದಿನದೊಳಗೆ ಬರೆಸಲು ಜೊತೆಗೆ ಹೋಗಿ. 30 ದಿನದವರೆಗೆ ತಡದ ಶುಲ್ಕ ಕಟ್ಟಿದರೆ ಸಾಕು. ಆಮೇಲೆ ಒಂದು ವರ್ಷದವರೆಗೆ ಜಿಲ್ಲಾ ಮಟ್ಟದ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಹೆಸರು ಬಿಟ್ಟು ಹೇಗೆ ಬರೆದಿದ್ದಾರೆ ಅಂತ ಆಧಾರ್, ರೇಷನ್ ಕಾರ್ಡ್ ಎರಡರ ಜೊತೆ ಹೋಲಿಸಿ ನೋಡಿ. ಹೆಸರಿಡುವ ಮೊದಲೇ ಸತ್ತ ಕೂಸಿದ್ದರೆ ಹುಟ್ಟು ಮತ್ತು ಸಾವು ಎರಡನ್ನೂ ಬರೆಸಿ. ಪಿಂಚಣಿ ಇಲ್ಲ, ವಿಮೆ ಇಲ್ಲ, ಆಸ್ತಿ ಇಲ್ಲ, ಹಾಗಾಗಿ ಆ ಕೂಸಿಗೋಸ್ಕರ ಕಚೇರಿಯ ಮೆಟ್ಟಿಲು ಹತ್ತುವವರು ಯಾರೂ ಇರಲ್ಲ.