ಎರಡು ಕಾರ್ಡಿಗೆ ಎಷ್ಟು ವಿದ್ಯುತ್ತು?

ಹಳೆಯ ಕನ್ನಡ ಪುಸ್ತಕಗಳ ಪುಟಗಳನ್ನು ಯಂತ್ರದಿಂದ ಓದಿಸಬೇಕೆಂದು ಹಾಸ್ಟೆಲಿನ ಮಿತ್ರರು ಚಂದಾ ಎತ್ತಿ, ಎರಡು ಗ್ರಾಫಿಕ್ಸ್ ಕಾರ್ಡುಗಳ ಕಂಪ್ಯೂಟರ್ ಕಟ್ಟಲು ಹೊರಟಿದ್ದಾರೆ. ಸಂತೋಷ. ಆದರೆ ಎಸ್.ಎಂ.ಪಿ.ಎಸ್.ನಲ್ಲಿ ಹಣ ಉಳಿಸೋಣವೆಂಬ ಅವರ ವಾದವನ್ನು ನಾನು ಒಪ್ಪಲಾರೆ.

ಆರ್‌ಟಿಎಕ್ಸ್ 3090 ಕಾರ್ಡೊಂದಕ್ಕೆ 350 ವ್ಯಾಟ್, ಎರಡಕ್ಕೆ 700. ಪ್ರೊಸೆಸರು, ಫ್ಯಾನು, ಡಿಸ್ಕು ಸೇರಿದರೆ 900 ದಾಟೀತು. ಹಾಗಾದರೆ 1000 ವ್ಯಾಟಿನದು ಸಾಕಲ್ಲವೆ ಎಂದಾರು. ಸಾಲದು. ಈ ಕಾರ್ಡುಗಳು ಕ್ಷಣಮಾತ್ರ ತಮ್ಮ ಪಾಲನ್ನು ಮೀರಿ ಎಳೆಯುತ್ತವೆ. ಆಗ ಯಂತ್ರ ತಟ್ಟನೆ ಆರಿ, ರಾತ್ರಿಯಿಡೀ ನಡೆದ ಕೆಲಸ ನೀರುಪಾಲಾಗುತ್ತದೆ. 1200ಕ್ಕಿಂತ ಕಡಿಮೆಯದನ್ನು ನಾನಂತೂ ಕೊಳ್ಳೆನು. ‘ಗೋಲ್ಡ್’ ಎಂಬ ಚೀಟಿ ದಕ್ಷತೆಯ ಗುರುತೇ ಹೊರತು ಶಕ್ತಿಯದಲ್ಲ. ಹಣ ಸಾಲದಿದ್ದರೆ ಎರಡನೆಯ ಕಾರ್ಡು ಮುಂದಿನ ವರ್ಷ ಬರಲಿ.

ಗೋಡೆಯ 6 ಆಂಪಿಯರ್ ಸಾಕೆಟ್ಟಾದರೂ 230 ವೋಲ್ಟಿನಲ್ಲಿ ತಾಳುವುದು 1380 ವ್ಯಾಟ್ ಮಾತ್ರ. ವಾರ್ಡನ್ನರನ್ನು 16 ಆಂಪಿಯರಿನದಕ್ಕೆ ಕೇಳಬೇಕು. ಅದೇ ಸಾಕೆಟ್ಟಿಗೆ ಇಸ್ತ್ರಿಪೆಟ್ಟಿಗೆಯನ್ನೂ ಚುಚ್ಚುವ ಮಿತ್ರರಿಗೆ ಏನೆನ್ನಲಿ!