ಪಾತ್ರೆಯ ಚೆಲುವು, ಪದಾರ್ಥದ ದೋಷ

ಹೊಗೆಸೊಪ್ಪು ಹಾನಿಕರವೆಂಬುದನ್ನು ಇಂದು ಅಲ್ಲಗಳೆಯುವವರು ವಿರಳ. ಆದರೂ ಅದರ ಸುತ್ತ ಬೆಳೆದ ಅಭಿರುಚಿಯನ್ನು ಸಮರ್ಥಿಸುವವರಿದ್ದಾರೆ. ನೆಟ್ಟನೆಯ ಪೈಪು, ಬಾಗಿದ ಪೈಪು, ಸೋರೆಬುರುಡೆಯದು, ಬ್ರಯರ್ ಗಿಡದ ಬೇರುಗಂಟಿನಲ್ಲಿ ಕಡೆದದ್ದು ಎಂದು ಆಕಾರಗಳನ್ನು ಎಣಿಸುವುದು. ಎಲೆ ಒಣಗಿದರೆ ನಾಲಿಗೆ ಸುಡುವುದೆಂದೂ ತೇವ ಹೆಚ್ಚಿದರೆ ಬೂಷ್ಟು ಹಿಡಿಯುವುದೆಂದೂ ಗಾಳಿಯಾಡದ ಡಬ್ಬಿಯಲ್ಲಿ ಕಾಪಿಡುವುದು. ಇವೆಲ್ಲ ಕಲೆ, ಇದರಲ್ಲೇನು ದೋಷ ಎಂಬುದು ಅವರ ವಾದ. ವರ್ತಕನ ವಾದ ಇನ್ನೂ ಸರಳ: ಸೇದುವವನು ಬೇರೆ, ದಾಸ್ತಾನು ಮಾಡುವವನು ಬೇರೆ. ಈ ಎರಡಕ್ಕೂ ಕನ್ನಡ ನಾಡಿನ ಇತಿಹಾಸದಲ್ಲಿಯೇ ಉತ್ತರವಿದೆ.

1604ರ ಸುಮಾರಿಗೆ ಅಕ್ಬರನ ರಾಯಭಾರಿ ಅಸದ್ ಬೇಗನು ಬಿಜಾಪುರದ ಆದಿಲಶಾಹಿ ಆಸ್ಥಾನದಿಂದ ಹಿಂದಿರುಗುವಾಗ ಹೊಗೆಸೊಪ್ಪನ್ನು ಒಯ್ದನು. ಅವನೇ ಬರೆದಿಟ್ಟಂತೆ, ಅದಕ್ಕಾಗಿ ಸಿದ್ಧಪಡಿಸಿದ ಕೊಳವೆ ಮೂರು ಮೊಳ ಉದ್ದ. ಎರಡೂ ತುದಿಗಳಿಗೆ ರತ್ನದ ಕುಸುರಿ. ಬಾಯಿಗಿಡುವ ತುದಿ ಯೆಮನ್ ದೇಶದ ಕೆಂಪು ಅಕೀಕ. ಸುಲ್ತಾನನು ಕೊಟ್ಟಿದ್ದ ಎಲೆಯಡಿಕೆಯ ಚೀಲವೇ ಹೊಗೆಸೊಪ್ಪಿನ ಸಂಚಿಯಾಯಿತು. ಕೊಳವೆಗೆ ಬೆಳ್ಳಿಯ ಒರೆ, ಒರೆಗೆ ಮಖಮಲ್ಲಿನ ಹೊದಿಕೆ.

ವೈದ್ಯನು ತಡೆದನು. ಅಕ್ಬರನು ಎರಡು ಮೂರು ಬಾರಿ ಸೇದಿ ಬಿಟ್ಟನು; ಅಭ್ಯಾಸ ಮಾಡಿಕೊಳ್ಳಲಿಲ್ಲ. ಆದರೆ ಸರದಾರರು ಕೇಳಿದರು, ವರ್ತಕರು ಮಾರತೊಡಗಿದರು. 1617ರಲ್ಲಿ ಜಹಾಂಗೀರನು ನಿಷೇಧಾಜ್ಞೆ ಹೊರಡಿಸಿದರೂ ಚಟ ಅಳಿಯಲಿಲ್ಲ. ವೈದ್ಯನ ವಿವೇಕವನ್ನು ಮೊದಲು ಸೋಲಿಸಿದ್ದು ಆ ರತ್ನ, ಆ ಬೆಳ್ಳಿ, ಆ ಮಖಮಲ್ಲು. ಆ ಸೋಲನ್ನು ಶಾಶ್ವತಗೊಳಿಸಿದ್ದು ಅಂಗಡಿ.

ಸಪ್ತವ್ಯಸನಗಳಲ್ಲಿ ಹೊಗೆಸೊಪ್ಪಿನ ಹೆಸರಿಲ್ಲವೆಂಬ ಸಮಾಧಾನ ಹುಸಿಯಾದುದು. ಆ ಗಣನೆಯ ಕಾಲಕ್ಕೆ ಅಮೆರಿಕ ಖಂಡದ ಈ ಸಸ್ಯ ಭಾರತಕ್ಕೆ ಬಂದಿರಲೇ ಇಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡಗಳಲ್ಲಿ ಹಿಂಸಾದಾನವನ್ನು ಎಣಿಸಿದೆ. ಹಿಂಸೆಯ ಸಾಧನವನ್ನು ಪರರ ಕೈಗಿಡುವುದೇ ಅದು. ಕೊಟ್ಟವನು ತಾನು ಪ್ರಹರಿಸಲಿಲ್ಲವೆಂದ ಮಾತ್ರಕ್ಕೆ ದೋಷಮುಕ್ತನಾಗನು. ಕೃತ, ಕಾರಿತ, ಅನುಮೋದನೆ ಎಂಬ ಮೂರರಲ್ಲಿ ದಾಸ್ತಾನುಗಾರನು ಎರಡರಲ್ಲಿ ಭಾಗಿ.

ನಿಪ್ಪಾಣಿಯ ಬೀಡಿ ತಂಬಾಕು, ಹುಣಸೂರು ಪಿರಿಯಾಪಟ್ಟಣಗಳ ಸಿಗರೇಟು ತಂಬಾಕು ಅಸಂಖ್ಯ ಕುಟುಂಬಗಳ ಅನ್ನವೆಂಬ ಆಕ್ಷೇಪ ನ್ಯಾಯವಾದುದೇ. ಬೆಳೆಗಾರನಿಗೆ ಬದಲಿ ಬೆಳೆ ಬೇಕು, ಕಾಲಾವಕಾಶ ಬೇಕು. ಬಂಡವಾಳವುಳ್ಳ ವರ್ತಕನಿಗೂ ಬಾಡಿಗೆ ಮಳಿಗೆಗಳುಳ್ಳ ಬಸದಿಗೂ ಆ ಬಡವನ ಕಷ್ಟ ನೆಪವಾಗಬಾರದು.

ಕರ್ನಾಟಕ ಸರ್ಕಾರವು 2024ರಲ್ಲಿ ಹುಕ್ಕಾವನ್ನು ನಿಷೇಧಿಸಿತು. ರಾಜ್ಯದ ಕಾನೂನು ಇಷ್ಟು ಮುಂದೆ ಬಂದಿರುವಾಗ ಶ್ರಾವಕನ ವ್ರತ ಅದಕ್ಕಿಂತ ಹಿಂದೆ ಉಳಿಯುವುದು ಲಜ್ಜೆಯ ಸಂಗತಿ. ಕುಂದಾಣದಂತಹ ಹೋಬಳಿಯಲ್ಲಾಗಲಿ, ಮಹಾನಗರದಲ್ಲಾಗಲಿ, ಬಸದಿಯ ವಿಶ್ವಸ್ತರು ಪ್ರತಿ ಬಾಡಿಗೆ ಕರಾರಿನಲ್ಲಿ ಒಂದು ಸಾಲು ಸೇರಿಸಲಿ: ಈ ಮಳಿಗೆಯಲ್ಲಿ ಹೊಗೆಸೊಪ್ಪಿನ ಮಾರಾಟವೂ ಇಲ್ಲ, ದಾಸ್ತಾನೂ ಇಲ್ಲ. ಬಾಡಿಗೆ ಕಡಿಮೆಯಾದೀತು. ಆ ನಷ್ಟವನ್ನು ವರ್ಷಾಂತ್ಯದ ಲೆಕ್ಕದಲ್ಲಿ ದಾನದ ಬಾಬಿಗೆ ಬರೆದುಕೊಳ್ಳಲಿ.