ಹೆಸರು ಕಳೆದುಕೊಂಡ ಕಳ್ಳ

1983ರಲ್ಲಿ ಅಮೆರಿಕದ ಆಟದ ಅಂಗಡಿಗಳಿಗೆ 'ಡ್ರ್ಯಾಗನ್ಸ್ ಲೇರ್' ಬಂದಾಗ ಜನ ಬೆರಗಾದರು. ಡಾನ್ ಬ್ಲೂತ್ ಅವರ ತಂಡ ಕೈಯಿಂದ ಬಿಡಿಸಿದ ಚಿತ್ರಗಳು ಲೇಸರ್ ಡಿಸ್ಕ್‌ನಿಂದ ಸಿನಿಮಾದಂತೆ ಮೂಡಿಬರುತ್ತಿದ್ದವು. ಇತರ ಆಟಗಳಿಗೆ 25 ಸೆಂಟ್ ಸಾಕಾಗುತ್ತಿದ್ದರೆ ಇದಕ್ಕೆ 50 ಸೆಂಟ್. ಸರಿಯಾದ ಕ್ಷಣದಲ್ಲಿ ಸರಿಯಾದ ಕಡೆಗೆ ಹಿಡಿ ತಿರುಗಿಸಿದರೆ ಮುಂದಿನ ದೃಶ್ಯ. ತಪ್ಪಿದರೆ ನಾಯಕನ ಸಾವು. ಆಟಕ್ಕೆಂದೇ ದುಡಿದು ಬಿಡಿಸಿದ ಚಿತ್ರಗಳವು. ಅದಕ್ಕೆ ನಮ್ಮ ತಕರಾರಿಲ್ಲ.

ನಮ್ಮ ತಕರಾರು ಅದೇ ವರ್ಷ ಸ್ಟರ್ನ್ ಕಂಪೆನಿ ತಂದ 'ಕ್ಲಿಫ್ ಹ್ಯಾಂಗರ್' ಬಗ್ಗೆ. ಅದರ ದೃಶ್ಯಗಳು ಜಪಾನಿನ ಎರಡು ಲೂಪಿನ್ ಚಲನಚಿತ್ರಗಳಿಂದ ಕತ್ತರಿಸಿದವು. ಅವುಗಳಲ್ಲೊಂದು, 1979ರ 'ಕ್ಯಾಸಲ್ ಆಫ್ ಕಾಗ್ಲಿಯೊಸ್ಟ್ರೊ', ಹಯಾವೊ ಮಿಯಾಜಾಕಿ ನಿರ್ದೇಶಿಸಿದ ಮೊದಲ ಪೂರ್ಣಾವಧಿ ಚಿತ್ರ. ಆಟದಲ್ಲಿ ಕಳ್ಳ ಲೂಪಿನ್ 'ಕ್ಲಿಫ್' ಆದ. ಕತೆ ಚೂರುಚೂರಾಯಿತು, ಉಳಿದದ್ದು ಕೈಚುರುಕಿನ ಪರೀಕ್ಷೆ ಮಾತ್ರ.

ಇದು ವ್ಯಾಪಾರ, ಇದರಲ್ಲಿ ತಪ್ಪೇನು ಎನ್ನುವವರಿದ್ದಾರೆ. ದುಡ್ಡು ಕೊಟ್ಟು ಹಕ್ಕು ಪಡೆಯಬಹುದು, ನಿಜ. ಆದರೆ ಹಕ್ಕಿನ ಜೊತೆಗೆ ಕೃತಿಯ ಗುರುತನ್ನೂ ಅಳಿಸುವ ಅಧಿಕಾರ ಬರುತ್ತದೆಯೇ? ಕ್ಲಿಫ್‌ನನ್ನಷ್ಟೇ ಬಲ್ಲ ಹುಡುಗ ಲೂಪಿನ್‌ನ ಚಿತ್ರವನ್ನು, ಅದನ್ನು ಮಾಡಿದವರನ್ನು ಎಲ್ಲಿ ಹುಡುಕಿಯಾನು?

2003ರಲ್ಲಿ 'ಸ್ಪಿರಿಟೆಡ್ ಅವೇ' ಚಿತ್ರಕ್ಕೆ ಆಸ್ಕರ್ ಬಂದಾಗ ಅಮೆರಿಕ ಮಿಯಾಜಾಕಿಯನ್ನು ಕೊಂಡಾಡಿತು. ಅದೇ ಕಲಾವಿದನ ಕೆಲಸ ಇಪ್ಪತ್ತು ವರ್ಷ ಮೊದಲೇ ಅಲ್ಲಿನ ಅಂಗಡಿಗಳಲ್ಲಿ ಚಿಲ್ಲರೆ ಕಾಸಿಗೆ ಓಡುತ್ತಿತ್ತು, ಬೇರೆ ಹೆಸರಿನಲ್ಲಿ. ಪ್ರಶಸ್ತಿ ಕೊಡುವುದು ಸುಲಭ. ದುಡಿದವನ ಕೆಲಸವನ್ನು ಅದರ ಹೆಸರಿನಿಂದಲೇ ಕರೆಯುವುದು ನ್ಯಾಯ.